ನಾವೆಯ ಮುಚ್ಚಳ

ಹದಿನಾಲ್ಕನೇ ತಾರೀಕು, ಭಾನುವಾರ.

ಓದುತ್ತಿದ್ದೀಯಲ್ಲ, ದೇವರೇ? ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಇನ್ಯಾರಿಗೆ ಅರ್ಥವಾಗಬೇಕು! ಎಲ್ಲವನ್ನೂ ಓದುತ್ತೀಯ, ಒಂದಕ್ಕೂ ಉತ್ತರ ಕೊಡುವುದಿಲ್ಲ. ಇದೆಂಥ ದೊಡ್ಡಸ್ತಿಕೆ?

ಮೊಮ್ಮಗಳಿಗೆ ಜಲಪ್ರಳಯದ ಕಥೆ ಕಲಿಸಲು ಚಪ್ಪಲಿ ಡಬ್ಬಿಯನ್ನು ನೋಹನ ನಾವೆ ಮಾಡಿದೆ, ಪ್ರಾಣಿಗಳನ್ನೆಲ್ಲ ಹತ್ತಿಸಿಕೊಂಡು ಉಳಿಸಿದ ಆ ದೋಣಿ. ಜೇಡಿಮಣ್ಣು ಕೊಟ್ಟು, ಆನೆ, ಒಂಟೆ ಮಾಡು ಎಂದೆ. ಆ ತರಲೆ ಹುಡುಗಿ ತನ್ನ ಅಪ್ಪನನ್ನು, ನನ್ನನ್ನು, ತನ್ನನ್ನು ಮಾಡಿ ಕೂರಿಸಿದ್ದಳು. ನನ್ನ ಗೊಂಬೆಗೆ ಬಾಯಿಯೇ ದೊಡ್ಡದು.

"ಪ್ರಾಣಿಗಳೆಲ್ಲೇ, ಕತ್ತೆ?"

"ನೀನೇ ಹೇಳಿದ್ಯಲ್ಲಜ್ಜಿ, ನೋಹನ ನಾವೇ ಅಂತ. ನಾವೇ ಅಂದ್ರೆ ನಾವೇ ತಾನೆ?"

ನಕ್ಕು ನಕ್ಕು ಸಾಕಾಯಿತು. ಆಮೇಲೆ, 'ಎಲ್ಲರೂ ಹತ್ತಿದ ಮೇಲೆ ದೇವರೇ ಬಾಗಿಲು ಮುಚ್ಚಿದ' ಎನ್ನುತ್ತ ಮುಚ್ಚಳ ಹಾಕಲು ಹೋದರೆ ನನ್ನ ಕೈ ಹಿಡಿದುಕೊಂಡಳು.

"ಬೇಡಜ್ಜಿ. ಅಮ್ಮ ಇನ್ನೂ ಆಸ್ಪತ್ರೇಲಿದ್ದಾಳೆ. ಅವಳೂ ನಾವೇ ಅಲ್ವಾ?"

ಮುಚ್ಚಳವನ್ನು ಪಕ್ಕಕ್ಕಿಟ್ಟೆ. ಸೊಸೆಯ ಆಪರೇಷನ್ ಮುಂದಿನ ತಿಂಗಳು. ಡಾಕ್ಟರು ಯಾವ ಭರವಸೆಯನ್ನೂ ಕೊಡುತ್ತಿಲ್ಲ.

ಡಬ್ಬಿ ಮೇಜಿನ ಮೇಲೆ ತೆರೆದೇ ಇದೆ. ಮುಚ್ಚುವವನು ನೀನಂತೆ. ನನ್ನ ಸೊಸೆ ಒಳಗೆ ಬರುವ ಮೊದಲು ಮುಚ್ಚಿ ನೋಡು! ಮಗುವಿಗೆ ನಾನೇನು ಹೇಳಲಿ? ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಕೊಡು.