ಮೇಷ್ಟ್ರ ಕುರ್ಚಿ ಮೇಲಿನ ರಾಗಿ ಚೀಲ

ಧರಣೇಂದ್ರಯ್ಯ ಮೇಷ್ಟ್ರೇ,

ನೀವು ಅರ್ಧಕ್ಕೆ ಬಿಟ್ಟುಹೋದ ಲಿಮಿಟ್ ಪಾಠಕ್ಕೆ ಆದ ಖರ್ಚು ಮೊದಲು ಕೇಳಿ: ಒಂದು ಬಿಳಿ ಬೋರ್ಡು, ನಾನು ತಿರುಗಿಯೂ ನೋಡದ ಅರಕಲಗೂಡಿನ ರಸ್ತೆ ಕೆಲಸ, ನನ್ನ ಮಧ್ಯಾಹ್ನದ ನಿದ್ದೆ, ಮಗಳು ಸುಮಾಳ ಜೊತೆ ಆಡಿದ ಜಗಳ. ಜಗಳಗಳನ್ನು ಎಣಿಸಲು ಹೋಗಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೇ ಮುಗ್ಗರಿಸಿ ಕಂಟ್ರಾಕ್ಟು ಹಿಡಿದವನು ಈ ವಯಸ್ಸಿನಲ್ಲಿ ಲಿಮಿಟ್ ಕಲಿಯಲು ಕೂತರೆ ಇನ್ನೇನಾಗುತ್ತದೆ?

ನೀವು ತೀರಿಕೊಂಡ ವಾರವೇ ಸುಮಾ ಪುಸ್ತಕ ಮುಚ್ಚಿಟ್ಟಳು. "ಮೇಷ್ಟ್ರಿಲ್ದೆ ನಂಗೆ ಲೆಕ್ಕ ಬರಲ್ಲ ಕಣಪ್ಪ. ಪಿಯುಸಿ ಪರೀಕ್ಷೆಗೇ ಕೂರಲ್ಲ," ಅಂದಳು. ನಾನು ನಿಂತ ಜಾಗದಲ್ಲೇ ಇವಳೂ ನಿಂತುಬಿಟ್ಟರೆ... ಹೆದರಿಕೆಯಾಯಿತು. ಪುಸ್ತಕ ಬಿಚ್ಚಿ ನಾನೇ ಕೂತೆ, ಅವಳನ್ನೂ ಪಕ್ಕ ಕೂರಿಸಿಕೊಂಡೆ.

ನಿಮ್ಮ ಊಟದ ಪಾಠವಂತೂ ನೆನಪಿತ್ತು. ಹೊತ್ತು ಮುಳುಗಿದ ಮೇಲೆ ನಿಮ್ಮ ಜೈನರ ಮನೆಯಲ್ಲಿ ಉಣ್ಣುವುದಿಲ್ಲ ಎಂಬುದನ್ನು ಮರೆತು, ದೀಪ ಹಚ್ಚುವ ವೇಳೆಗೆ ಒಬ್ಬಟ್ಟಿನ ಡಬ್ಬಿ ಹಿಡಿದು ಬಂದಿದ್ದೆನಲ್ಲ? ನೀವು ನಕ್ಕಿರಿ.

"ಗೌಡ್ರೇ, ಸೂರ್ಯಾಸ್ತದ ಹತ್ರ ಎಡಗಡೆಯಿಂದ, ಅಂದ್ರೆ ಹಗಲಿಂದ ಬಂದ್ರೆ ತಟ್ಟೆ ತುಂಬಿರುತ್ತೆ, ಬಲಗಡೆಯಿಂದ, ಅಂದ್ರೆ ರಾತ್ರಿಯಿಂದ ಬಂದ್ರೆ ಖಾಲಿ. ಎರಡು ಕಡೆಯೂ ಒಂದೇ ಉತ್ತರಕ್ಕೆ ಬರ್ಲಿಲ್ಲ ಅಂದ್ರೆ ಅಲ್ಲಿ ಲಿಮಿಟ್ ಇಲ್ಲ."

"ಸರಿ ಸಾ. ಮುಳುಗೋ ಆ ಗಳಿಗೇಲಿ ತುತ್ತು ಬಾಯಲ್ಲೇ ಇದ್ರೆ?"

"ಆ ಗಳಿಗೆ ಬಿಡಿ. ಹತ್ರ ಬರ್ತಾ ಏನಾಗುತ್ತೆ ನೋಡಿ."

ಬಿಡುವುದು ಹೇಗೆ ಮೇಷ್ಟ್ರೇ? ನುಂಗಬೇಕೋ, ಉಗುಳಬೇಕೋ...

ಮುಂದಿನ ಲೆಕ್ಕದಲ್ಲೇ ಎಡವಿದೆವು. ಎಕ್ಸ್ ಎರಡಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ಒಂದು ಕೂಡಿಸಬೇಕು. ಹೆಚ್ಚಿದ್ದರೆ ಅದನ್ನು ಎರಡರಿಂದ ಗುಣಿಸಿ ಒಂದು ಕಳೆಯಬೇಕು. ಸರಿಯಾಗಿ ಎರಡೇ ಆದರೆ ಏಳು. ಎಕ್ಸ್ ಎರಡರ ಹತ್ತಿರ ಹೋದಾಗ ಲಿಮಿಟ್ ಎಷ್ಟು? ಏಳು ಅಂದೆ. ಸುಮಾಳೂ ಏಳು ಅಂದಳು. ಪುಸ್ತಕದ ಹಿಂದೆ ನೋಡಿದರೆ ಮೂರು!

"ಅಚ್ಚು ತಪ್ಪಾಗದೆ ಕಣವ್ವ. ಎರಡಕ್ಕೆ ಏಳು ಅಂತ ಅವ್ರೇ ಬರ್ದವ್ರಲ್ಲ!"

"ಅಪ್ಪಾ, ನಿಂಗೆ ಗೊತ್ತಿಲ್ದಿದ್ರೆ ಸುಮ್ಕಿರು!"

ಗೊತ್ತಾಗದಿದ್ದಾಗ ಚನ್ನರಾಯಪಟ್ಟಣದ ನಿಮ್ಮ ಮನೆಗೆ ಹೋಗುವುದು ಹಳೇ ಅಭ್ಯಾಸ. ಹೋದೆವು. ನೀವಿಲ್ಲದೆ ಒಬ್ಬರೇ ಉಳಿದ ಅಮ್ಮಾವ್ರನ್ನು ಮಾತಾಡಿಸಿಕೊಂಡು ಸುಮಾ ಹಿತ್ತಲ ಕಡೆಯಿಂದ ಬಂದಳು, ನಾನು ಬೀದಿ ಕಡೆಯಿಂದ ಬಂದೆ. ಜಗಲಿಯಲ್ಲಿ ನಿಮ್ಮ ಕುರ್ಚಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತೆವು. ಕುರ್ಚಿ ಮೇಲೆ ರಾಗಿ ಚೀಲ.

"ಎಲ್ಲೂ ಜಾಗ ಇರ್ನಿಲ್ವಾ? ಮೇಷ್ಟ್ರು ಕೂರೋ ತಾವೇ ಮಡಗವ್ರಲ್ಲ," ಎಂದು ರೇಗಿದೆ.

ಸುಮಾ ಚೀಲವನ್ನೇ ನೋಡುತ್ತಿದ್ದಳು. "ಅಪ್ಪಾ, ನೀನು ಯಾರತ್ರ ಬಂದೆ?"

"ಮೇಷ್ಟ್ರ ಹತ್ರ. ಇನ್ಯಾರತ್ರ?"

"ನಾನೂ ಅಷ್ಟೇ. ಎರಡು ಕಡೆಯಿಂದ್ಲೂ ಮೇಷ್ಟ್ರ ಹತ್ರಾನೇ ಬಂದ್ವಿ. ಕುರ್ಚೀಲಿ ಇರೋದು ಮಾತ್ರ ರಾಗಿ ಚೀಲ. ಏಳು ಅಂದ್ರೆ ಅದೇ ಕಣಪ್ಪ!"

ನೀವು ಕಿಟಕಿಯಲ್ಲಿಟ್ಟಿದ್ದ ಸೀಮೆಸುಣ್ಣ ತಗೊಂಡು ನೆಲದ ಮೇಲೇ ಬರೆದಳು. ಎಡದಿಂದ ಬಂದರೂ ಮೂರು, ಬಲದಿಂದ ಬಂದರೂ ಮೂರು, ಆದ್ದರಿಂದ ಲಿಮಿಟ್ ಮೂರು. ಬರೆಯುತ್ತ ಬರೆಯುತ್ತಲೇ ಅತ್ತಳು. ನನಗೋ, ಮನುಷ್ಯನೇ ಇಲ್ಲದ ಕಡೆಗೆ ಇಬ್ಬರೂ ಇಷ್ಟು ಸರಿಯಾಗಿ ಬಂದು ನಿಂತದ್ದು ಹೇಗೆಂದೇ ಅರ್ಥವಾಗಲಿಲ್ಲ. ಈಗಲೂ ಆಗಿಲ್ಲ. ಅದೂ ನಿಮ್ಮ ಪಾಠದ ಭಾಗವೇ?

ನಿಮಗೆ ಮುಟ್ಟದ ಸುದ್ದಿ ಇದು: ಸುಮಾ ಪರೀಕ್ಷೆಗೆ ಕೂತಳು, ಪಾಸಾದಳು. ಹಾಸನದಲ್ಲಿ ಡಿಗ್ರಿಗೆ ಗಣಿತವನ್ನೇ ತಗೊಂಡಿದ್ದಾಳೆ. ಇನ್ನು ಯಾರಿಗೆ ಏನು ದಕ್ಕಿತು ಎಂದರೆ, ಅವಳಿಗೆ ಲೆಕ್ಕ. ಅಮ್ಮಾವ್ರಿಗೆ, ಭಾನುವಾರ ಹೊತ್ತು ಮುಳುಗುವ ಮೊದಲು ಜೊತೆಗೆ ಕೂತು ಉಣ್ಣಲು ಒಬ್ಬಳು ಹುಡುಗಿ. ರಾಗಿ ಚೀಲಕ್ಕೆ ಮೂಲೆ, ಏಕೆಂದರೆ ಕುರ್ಚಿಯಿಂದ ನಾನೇ ಇಳಿಸಿದೆ. ನನಗೆ, ಬಾಯಲ್ಲಿದ್ದ ಆ ತುತ್ತು ಏನಾಯಿತೆಂಬ ಅನುಮಾನ.

ನಿಮ್ಮ
ಗೌಡ