ಇರುವೆ ಮುಟ್ಟದ ಕೇಕು

ಗುರುವಾರ, ಜುಲೈ ೧೧

ರುಚಿ ನೋಡುವ ಕೋಣೆಯಲ್ಲಿ ಇವತ್ತು ನಡೆದದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಎಂದಿನಂತೆ ಮೂರು ತುಂಡು ಕೇಕು ಇಟ್ಟಿದ್ದರು. ಎರಡರಲ್ಲಿ ಸಕ್ಕರೆ ತೆಗೆದ ಜಾಗಕ್ಕೆ ನಮ್ಮ ಕಾರ್ಖಾನೆಯ ನಾರಿನ ಪುಡಿ, ಒಂದರಲ್ಲಿ ನಿಜವಾದ ಸಕ್ಕರೆ. ಬೇರೆಯದು ಯಾವುದೆಂದು ಹೇಳಬೇಕು. ನಾನು ಸಕ್ಕರೆಯದನ್ನು ಬಾಯಿಗಿಟ್ಟವಳೇ ಉಗುಳಿ, "ಇದು ಕಲಬೆರಕೆ" ಎಂದೆ. ಉಳಿದವರೂ ಅದನ್ನೇ ಹೇಳಿದರು. ಮ್ಯಾನೇಜರ್ ಕುಣಿಯುವುದೊಂದು ಬಾಕಿ. "ಗೆದ್ವಿ ಬಿಡಿ! ಇನ್ನು ಅಸಲಿ ಯಾರಿಗೆ ಬೇಕು?"

ಆ ಪುಡಿಗೆ ವಾಸನೆಯಿಲ್ಲ, ರುಚಿಯೆಂಬುದೂ ಇಲ್ಲ. ನೀರಿಗೆ ಹಾಕಿದರೆ ಕಾಣೆಯಾಗುತ್ತದೆ. ಸಿಹಿಗೆಂದು ಬೇರೇನನ್ನೋ ಹಾಕುತ್ತಾರೆ. ಇದು ಬರೀ ಜಾಗ ತುಂಬುತ್ತದೆ, ಮೈಗೆ ಹತ್ತದೆ ಹೊರಟುಹೋಗುತ್ತದೆ.

ಮನೆಗೆ ತಂದ ಪುಡಿಯ ಕೇಕಿನ ತುಂಡು ಅಮ್ಮನ ಕೈಯಿಂದ ಜಾರಿ ಅಡುಗೆಕಟ್ಟೆಯ ಮೇಲೆ ಬಿತ್ತು. ಸಾಲಾಗಿ ಬರುತ್ತಿದ್ದ ಇರುವೆಗಳು ಅದನ್ನು ಸುತ್ತುಹಾಕಿ ಮುಂದೆ ಹೋದವು.

"ಇವಕ್ಕೂ ಸಕ್ಕರೆ ಕಾಯಿಲೆ ಬಂತೇನೇ?" ಎಂದು ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಅವಳು ಮಲಗಲು ಹೋದ ಮೇಲೆ ಬೆರಳು ಒದ್ದೆ ಮಾಡಿ, ಸಕ್ಕರೆ ಡಬ್ಬಿಯಲ್ಲಿ ಅದ್ದಿ, ಸಾಲಿಗೆ ಅಡ್ಡ ಇಟ್ಟೆ. ಮೊದಲ ಇರುವೆ ಉಗುರಿನವರೆಗೆ ಬಂತು, ಮೀಸೆ ಆಡಿಸಿತು, ಪಕ್ಕಕ್ಕೆ ತಿರುಗಿತು. ಹಿಂದಿನದೂ ತಿರುಗಿತು. ಇಡೀ ಸಾಲು ನನ್ನ ಕೈ ಬಿಟ್ಟು ಸುತ್ತಿ ಹೋಯಿತು.

"ಏನಾದ್ರೂ ತಿಂದ್ಯೇನೇ?" ಒಳಗಿನಿಂದ ಅಮ್ಮ ಕೇಳಿದಳು.

"ಹೊಟ್ಟೆ ತುಂಬಿದೆ ಕಣಮ್ಮ."

ಸುಳ್ಳಲ್ಲ. ಕೊನೆಯ ಸಲ ಹಸಿವಾದದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಆ ಬೆರಳನ್ನು ಈಗ ನಾನೇ ನೆಕ್ಕಿ ನೋಡಿದೆ. ಬಾಯಿ ಮತ್ತೆ ಅದನ್ನೇ ಹೇಳಿತು, ಕಲಬೆರಕೆ. ಆದರೆ ಯಾವುದು? ಸಕ್ಕರೆಯೋ, ಇಲ್ಲಾ ಈ ಬೆರಳೋ?