ಮಾವನ ದಾರಿ ತಪ್ಪಿಸಿದ ಚಿತ್ರಕಥೆ

ಕರುಮತ್ತಂಪಟ್ಟಿ
12-11-1986

ಪ್ರೀತಿಯ ಮಾವಾ,

ಮಲ್ಲಿಗಾಳ ನಮಸ್ಕಾರ. ವಾಲ್ಪಾರೈ ಬೆಟ್ಟದ ಚಳಿಗೆ ನಿಮ್ಮ ಮೊಣಕಾಲು ಹೇಗಿದೆ? ಎಸ್ಟೇಟಿನ ಲಾರಿ ಹೇಗಿದೆ? ಎರಡರಲ್ಲಿ ಯಾವುದು ಹೆಚ್ಚು ಕಿರುಗುಟ್ಟುತ್ತದೆ ಎಂದು ಬರೆಯಿರಿ. ಇಲ್ಲಿ ಎಲ್ಲರೂ ಕ್ಷೇಮ, ನಾನೊಬ್ಬಳು ಆರೋಪಿ. ನೀವು ಕಲಿಸಿದ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡಿದರೂ ಬೇರೆ ಯಾರಿಗೂ ಅದನ್ನು ಓದಲು ಬಾರದು ಎಂಬುದು ಇಂದು ದೊಡ್ಡ ಅನುಕೂಲ.

ಕೊಯಮತ್ತೂರಿನ ತಮಿಳು ವಾರಪತ್ರಿಕೆಯಲ್ಲಿ ನನ್ನ ಚಿತ್ರಕಥೆ ಬರುತ್ತಿರುವುದು ನಿಮಗೆ ಗೊತ್ತು. ಅಜ್ಜಿ ಹೇಳುತ್ತಿದ್ದ ಕಥೆಯೇ: ರಾಕ್ಷಸ ಹೊತ್ತೊಯ್ದ ರಾಜಕುಮಾರಿ ಅವನ ಮಗ್ಗದಲ್ಲಿ ತನ್ನ ತಲೆಗೂದಲನ್ನೇ ನೇಯುವುದು. ಅಜ್ಜಿಯ ಕಥೆಯಲ್ಲಿ ಕೊನೆಗೆ ಕುದುರೆ ಏರಿ ರಾಜಕುಮಾರ ಬರುತ್ತಾನೆ. ನನ್ನದರಲ್ಲಿ ಯಾರೂ ಬರುವುದಿಲ್ಲ. ಮಲಗಿದ ರಾಕ್ಷಸನನ್ನು ಅವಳೇ ಹಾಸಿಗೆ ಸಮೇತ ನೇಯ್ದುಬಿಡುತ್ತಾಳೆ, ಬಾಯಿಯನ್ನು ಕಟ್ಟಕಡೆಗೆ. ಇದುವರೆಗಿನ ಕಂತುಗಳನ್ನು ನಮ್ಮ ಬೀದಿಯಲ್ಲಿ ಮಗ್ಗಕ್ಕೆ ನೂಲು ಸುತ್ತುವ ಹೆಂಗಸರು ಮಧ್ಯಾಹ್ನದ ಊಟದ ಹೊತ್ತಿಗೆ ಓದಿ, ತಮ್ಮ ತಮ್ಮ ಜಡೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಅಜ್ಜಿ ಹಿಡಿದದ್ದು ಆ ಮಧ್ಯಾಹ್ನವನ್ನೇ. “ಏನ್ಡೀ, ಹಗಲೊತ್ತು ಕತೆ ಹೇಳಿದ್ರೆ ಸೋದರಮಾವ ದಾರಿ ತಪ್ತಾನೆ ಅಂತ ಗೊತ್ತಿಲ್ವಾ? ದೀಪಾವಳಿಗೂ ನನ್ ಮಗ ಬರ್ಲಿಲ್ಲ, ನೋಡು.” ನಾನು ಬಾಯಿಯೇ ತೆರೆದಿಲ್ಲ, ಚಿತ್ರ ಮಾತ್ರ ಬರೆದೆ ಎಂದು ವಾದಿಸಿದೆ. “ಚಿತ್ರಕ್ಕೆ ಬಾಯಿ ಬರ್ದು, ಬಾಯಿಂದ ಗುಳ್ಳೆ ಬಿಟ್ಟು, ಗುಳ್ಳೇಲಿ ಮಾತು ಬೇರೆ ತುಂಬಿದೀಯಲ್ಲ.” ಇದಕ್ಕೆ ಹೈಕೋರ್ಟಿನ ವಕೀಲರೂ ಉತ್ತರ ಹೇಳಲಾರರು. ಒಂದೇ ರಸ್ತೆಯಿರುವ ಘಾಟಿಯಲ್ಲಿ ದಾರಿ ತಪ್ಪಲು ನಿಮ್ಮಂಥ ಡ್ರೈವರನಿಗೆ ಎಷ್ಟು ಜಾಣತನ ಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೊನೆಯ ಕಂತಿನ ಹಾಳೆಗಳು, ಮಸಿ ಬಾಟಲಿ ಸಮೇತ, ಈಗ ಅಜ್ಜಿಯ ಟ್ರಂಕಿನಲ್ಲಿವೆ. ಮಗ ಹೊಸಿಲು ದಾಟುವವರೆಗೆ ಬೀಗ ತೆಗೆಯುವುದಿಲ್ಲವಂತೆ. ಈ ತಿಂಗಳೊಳಗೆ ಹಾಳೆ ತಲುಪದಿದ್ದರೆ ಸಂಪಾದಕರು ಬೇರೆಯವರಿಂದ ಒಬ್ಬ ರಾಜಕುಮಾರನನ್ನು ಬರೆಸಿ ಮುಗಿಸುತ್ತಾರಂತೆ. ನಾನು ಬದುಕಿರುವವರೆಗೆ ಆ ಕುದುರೆ ನನ್ನ ಕಥೆಯೊಳಗೆ ಕಾಲಿಡಕೂಡದು.

ನಿಮ್ಮ ಲೈನ್ ಮನೆಯ ನೆರೆಹೊರೆಯವರಿಗೆಲ್ಲ ನನ್ನ ವಂದನೆ ಹೇಳಿ. ಮಫ್ಲರ್ ಸುತ್ತದೆ ಲಾರಿ ಏರಬೇಡಿ.

ನಿಮ್ಮ ಅಕ್ಕನ ಮಗಳು,
ಮಲ್ಲಿಗಾ

ಅಂಚೆಯವನು ಬಂದ, ಬೇಗ ಬರೆಯುತ್ತೇನೆ: ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ನಿಮಗೂ ನನಗೂ ಮದುವೆ ಎಂದು ಇವರೆಲ್ಲ ಸೇರಿ ತೀರ್ಮಾನಿಸಿದ ದಿನದಿಂದಲೇ ನೀವು ಊರಿಗೆ ಬಂದಿಲ್ಲ. “ಎತ್ತಿ ಆಡಿಸಿದ ಹುಡುಗಿಗೆ ಮಾಲೆ ಹೆಂಗ್ ಹಾಕೋದು” ಎಂದು ಅಂದು ಬಸ್ಸು ಹತ್ತುವಾಗ ನೀವು ಗೊಣಗಿದ್ದು ನನಗೆ ಕೇಳಿಸಿದೆ. ನನಗೂ ಬೇಡ ಎಂದು ನಿನ್ನೆ ಅಜ್ಜಿಯ ಎದುರು ನಿಂತೇ ಹೇಳಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಭಾನುವಾರ ಹಗಲು ಬಸ್ಸಿಗೇ ಬಂದು ನಿಮ್ಮ ‘ಬೇಡ’ ನೀವೇ ಹೇಳಿ. ಅದನ್ನೂ ನಾನೇ ಹೇಳಿದರೆ, ಅದೂ ನಾನು ಕಟ್ಟಿದ ಕಥೆ ಅನ್ನುತ್ತಾರೆ.